ಕಾಯಂ ವಿಳಾಸ ಯಾರಿಗೆ ಬೇಕು?

ಸಂಜೆಯ ಮಳೆಗೆ ಕರೆಂಟು ಹೋಗಿ ಬಂದ ಮೇಲೆ ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಕೇಳಿಬರುವ ದೂರುಗಳಲ್ಲಿ ಒಂದು ತುಸು ವಿಚಿತ್ರವಾದದ್ದು. ವೈಫೈ ಬಂದಿದೆ, ಫೋನಿನಲ್ಲಿ ಯೂಟ್ಯೂಬ್ ಓಡುತ್ತಿದೆ, ಪ್ರಿಂಟರಿನ ದೀಪ ಉರಿಯುತ್ತಿದೆ, ಕಾಗದವೂ ಇದೆ, ಇಂಕೂ ಇದೆ. ಲ್ಯಾಪ್‌ಟಾಪ್ ಮಾತ್ರ ‘ಪ್ರಿಂಟರ್ ಆಫ್‌ಲೈನ್’ ಎಂದು ಹಟ ಹಿಡಿದು ಕೂತಿದೆ. ಒಬ್ಬರು ಪ್ರಿಂಟರ್ ಆಫ್ ಮಾಡಿ ಆನ್ ಮಾಡುತ್ತಾರೆ, ಇನ್ನೊಬ್ಬರು ರೌಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಒಮ್ಮೊಮ್ಮೆ ಸರಿಹೋಗುತ್ತದೆ, ಒಮ್ಮೊಮ್ಮೆ ಇಲ್ಲ. ಕೊನೆಗೆ ಮಗುವಿನ ಸ್ಕೂಲ್ ಪ್ರಾಜೆಕ್ಟು ರಸ್ತೆ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚಾಗುತ್ತದೆ. ಗೇಟಿನ ಕ್ಯಾಮೆರಾದ ಡಿವಿಆರ್ ಟಿವಿಯಲ್ಲಿ ಕಾಣದೆ ಹೋಗುವುದಕ್ಕೂ, ಹಾಲಿನ ಟಿವಿಗೆ ಒಳಕೋಣೆಯ ಹಾರ್ಡ್‌ಡಿಸ್ಕಿನಲ್ಲಿರುವ ಮದುವೆ ವಿಡಿಯೊ ಸಿಗದೆ ಹೋಗುವುದಕ್ಕೂ ಬಹಳ ಸಲ ಇದೇ ಕಾರಣ. ಯಂತ್ರ ಕೆಟ್ಟಿರುವುದಿಲ್ಲ, ಅದರ ವಿಳಾಸ ಬದಲಾಗಿರುತ್ತದೆ, ಹಳೆಯ ವಿಳಾಸ ಬರೆದಿಟ್ಟುಕೊಂಡವರಿಗೆ ಅದು ಗೊತ್ತಾಗಿರುವುದಿಲ್ಲ.

ಇದಕ್ಕೆ ಪರಿಹಾರ ಹಳೆಯದು, ಖರ್ಚಿಲ್ಲದ್ದು: ಅಂಥ ಯಂತ್ರಕ್ಕೊಂದು ಕಾಯಂ ವಿಳಾಸ ಕೊಟ್ಟುಬಿಡುವುದು. ಆದರೆ ಇದನ್ನು ಹೇಳುವವರಲ್ಲಿ ಹೆಚ್ಚಿನವರು ಎರಡು ಕಡೆ ಎಡವುತ್ತಾರೆ. ಕೆಲವರು ಮನೆಯಲ್ಲಿರುವ ಎಲ್ಲಕ್ಕೂ, ಫೋನು ಲ್ಯಾಪ್‌ಟಾಪುಗಳಿಗೂ, ಸಂಖ್ಯೆ ಕಟ್ಟಲು ಹೊರಡುತ್ತಾರೆ. ಇನ್ನು ಕೆಲವರು ಒಂದೊಂದು ಯಂತ್ರದ ಸೆಟ್ಟಿಂಗ್ಸ್‌ಗೆ ಹೋಗಿ ಅಲ್ಲೇ ಸಂಖ್ಯೆ ಬರೆದು ಬರುತ್ತಾರೆ. ಈ ಲೇಖನದ ವಾದ ಇಷ್ಟು: ಮನೆಯಲ್ಲಿ ಕಾಯಂ ವಿಳಾಸ ಬೇಕಾದದ್ದು ಬೇರೆಯವರು ಹುಡುಕಿಕೊಂಡು ಬರುವ ಯಂತ್ರಗಳಿಗೆ ಮಾತ್ರ, ಅದನ್ನು ಬರೆಯಬೇಕಾದ ಜಾಗ ಯಂತ್ರವಲ್ಲ, ರೌಟರು.

ಮೊದಲು ವಿಳಾಸದ ಸ್ವರೂಪ ನೋಡೋಣ. ಮನೆಯ ವೈಫೈ ಸೇರಿದ ಪ್ರತಿಯೊಂದು ಯಂತ್ರಕ್ಕೂ 192.168.1.37 ಎಂಬಂಥ ನಾಲ್ಕು ಭಾಗದ ಸಂಖ್ಯೆಯೊಂದು ಸಿಗುತ್ತದೆ. ಇದೇ ಐಪಿ ವಿಳಾಸ. ಸಾಮಾನ್ಯವಾಗಿ ಮೊದಲ ಮೂರು ಭಾಗ ಆ ಮನೆಯ ಎಲ್ಲ ಯಂತ್ರಗಳಿಗೂ ಒಂದೇ, ಕೊನೆಯದು ಮಾತ್ರ ಬೇರೆ ಬೇರೆ. ಪಕ್ಕದ ಮನೆಯಲ್ಲೂ 192.168.1.37 ಇರಬಹುದು, ಎದುರುಮನೆಯಲ್ಲೂ ಇರಬಹುದು, ಮೈಸೂರಿನಲ್ಲಿ, ಮ್ಯೂನಿಕ್‌ನಲ್ಲಿ ಕೂಡ. ಬೆಂಗಳೂರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಬೇಕಾಗಿಲ್ಲ. ನಾಲ್ಕನೇ ಕ್ರಾಸ್ ಜಯನಗರದಲ್ಲೂ ಇದೆ, ಜೆ.ಪಿ. ನಗರದಲ್ಲೂ ಇದೆ, ಬನಶಂಕರಿಯಲ್ಲೂ ಬಿಟಿಎಂ ಲೇಔಟಿನಲ್ಲೂ ಇದೆ. ಬಡಾವಣೆಯೊಳಗೆ ನಿಂತು ‘ನಾಲ್ಕನೇ ಕ್ರಾಸ್, ಎಡಗಡೆ ಮೂರನೇ ಮನೆ’ ಎಂದರೆ ಸಾಕು. ಮೆಜೆಸ್ಟಿಕ್‌ನಲ್ಲಿ ಆಟೊ ಹತ್ತಿ ಅಷ್ಟೇ ಹೇಳಿದರೆ ಚಾಲಕ ತಿರುಗಿ ನೋಡುತ್ತಾನೆ. ಮನೆಯೊಳಗಿನ ಐಪಿ ವಿಳಾಸವೂ ಒಳಗಿನವರಿಗೆ ಮಾತ್ರ ಅರ್ಥವಾಗುವಂಥದ್ದು. ಇಡೀ ಜಗತ್ತಿಗೆ ಗುರುತು ಸಿಗುವ ವಿಳಾಸ ಬೇರೆಯೇ ಇದೆ, ಅದನ್ನು ಕೊಡುವುದು ಇಂಟರ್‌ನೆಟ್ ಕಂಪನಿ. ಈ ಎರಡನ್ನೂ ಬೆರೆಸಿಕೊಳ್ಳುವುದರಿಂದ ಆಗುವ ದುಡ್ಡಿನ ನಷ್ಟದ ವಿಚಾರಕ್ಕೆ ಆಮೇಲೆ ಬರೋಣ.

ಎಲ್ಲರಿಗೂ ಕಾಯಂ ವಿಳಾಸ ಇದ್ದ ಕಾಲವೂ ಒಂದಿತ್ತು. ಈಗಲೂ ಬಳಕೆಯಲ್ಲಿರುವ ಐಪಿ ನಿಯಮಾವಳಿಯ ನಾಲ್ಕನೇ ಆವೃತ್ತಿ 1981ರದ್ದು. ಅದರಲ್ಲಿ ವಿಳಾಸಕ್ಕೆ 32 ಬಿಟ್‌ಗಳು, ಅಂದರೆ ಒಟ್ಟು ಸುಮಾರು 430 ಕೋಟಿ ಸಂಖ್ಯೆಗಳು. ಕಂಪ್ಯೂಟರ್ ಎಂದರೆ ಏಸಿ ಕೋಣೆಯಲ್ಲಿಟ್ಟು ಪೂಜಿಸುವ ವಸ್ತುವಾಗಿದ್ದ ದಿನಗಳಲ್ಲಿ ಇದು ಎಂದೆಂದಿಗೂ ಮುಗಿಯದ ಭಂಡಾರದಂತೆ ಕಂಡಿತ್ತು. ನಮ್ಮ ದೇಶದಲ್ಲಿ 1986ರಲ್ಲಿ ಅರ್ನೆಟ್ ಯೋಜನೆ ಶುರುವಾದಾಗ ಅದರಲ್ಲಿದ್ದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಅಂಥ ಕಡೆ ಒಂದೊಂದು ಯಂತ್ರಕ್ಕೂ ಸಂಖ್ಯೆ ಕೊಟ್ಟು, ಪಟ್ಟಿಯಲ್ಲಿ ಬರೆದಿಡಲು ಒಬ್ಬ ವ್ಯವಸ್ಥಾಪಕ ಇರುತ್ತಿದ್ದ. ಯಂತ್ರಗಳು ಹೆಚ್ಚಿ, ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡತೊಡಗಿದ ಮೇಲೆ ಆ ಪಟ್ಟಿ ನಿಭಾಯಿಸುವುದೇ ತಲೆನೋವಾಯಿತು. ಯಂತ್ರ ತನ್ನ ವಿಳಾಸವನ್ನು ಜಾಲದಿಂದಲೇ ಕೇಳಿ ಪಡೆಯುವ ಬೂಟ್‌ಪಿ ಎಂಬ ವ್ಯವಸ್ಥೆ 1985ರಲ್ಲೇ ಬಂದಿತ್ತು. ಅದರ ಮೇಲೆ ಕಟ್ಟಿದ ಡಿಎಚ್‌ಸಿಪಿ 1993ರಲ್ಲಿ ನಿಯಮಾವಳಿಯಾಯಿತು, 1997ರಲ್ಲಿ ಪರಿಷ್ಕಾರಗೊಂಡು ಇಂದಿಗೂ ನಡೆಯುತ್ತಿದೆ. ಒಂದು ವಿಳಾಸದ ಹಿಂದೆ ಅನೇಕ ಯಂತ್ರಗಳನ್ನು ಕೂರಿಸುವ ನ್ಯಾಟ್ ಎಂಬ ಉಪಾಯವನ್ನು ವಿವರಿಸಿದ ದಾಖಲೆ 1994ರದ್ದು. ಮನೆ, ಕಚೇರಿಗಳ ಒಳಬಳಕೆಗೆಂದು ಮೂರು ಸಂಖ್ಯಾಸಮೂಹಗಳನ್ನು ಖಚಿತವಾಗಿ ಬಿಟ್ಟುಕೊಟ್ಟದ್ದು 1996ರ ಫೆಬ್ರವರಿಯಲ್ಲಿ: 10ರಿಂದ ಶುರುವಾಗುವ 1.67 ಕೋಟಿ, 172.16ರಿಂದ 172.31ರವರೆಗಿನ ಹತ್ತು ಲಕ್ಷ ಚಿಲ್ಲರೆ, 192.168ರಿಂದ ಶುರುವಾಗುವ 65,536. ಮುಗಿಯದೆಂದುಕೊಂಡಿದ್ದ ಭಂಡಾರ ಮುಗಿದೂ ಹೋಯಿತು. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳು ಹಂಚಿಕೆಯಾದವು. ಅದೇ ಏಪ್ರಿಲ್‌ನಲ್ಲಿ ಏಷ್ಯಾ ಪೆಸಿಫಿಕ್ ವಲಯದಲ್ಲಿ ಪಡಿತರ ಶುರುವಾಯಿತು.

ಅಂದರೆ ನಮ್ಮ ಮನೆಯ ರೌಟರ್ ವಿಳಾಸವನ್ನು ಶಾಶ್ವತವಾಗಿ ಕೊಡದೆ ಅವಧಿಗೆ ಮಾತ್ರ ಕೊಡುವುದು ಅದರ ದೋಷವಲ್ಲ, ಅದು ಇರುವುದೇ ಆ ಕೆಲಸಕ್ಕೆ. ನಡೆಯುವುದು ಹೀಗೆ. ಪ್ರಿಂಟರ್ ಆನ್ ಆದ ಕೂಡಲೇ ‘ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ’ ಎಂದು ಇಡೀ ಮನೆಗೆ ಕೇಳಿಸುವಂತೆ ಕೂಗುತ್ತದೆ. ‘37 ಖಾಲಿ ಇದೆ, ಬೇಕಾ’ ಎಂದು ರೌಟರ್ ಕೇಳುತ್ತದೆ. ‘ಕೊಡಿ’ ಎನ್ನುತ್ತದೆ ಪ್ರಿಂಟರ್. ‘ತಗೋ, ಇಷ್ಟು ಗಂಟೆಗೆ’ ಎಂದು ರೌಟರ್ ಖಚಿತಪಡಿಸುತ್ತದೆ. ನಾಲ್ಕೇ ಮಾತು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಆ ಅವಧಿಗೆ ಲೀಸ್ ಎನ್ನುತ್ತಾರೆ. ಕೆಲವು ರೌಟರುಗಳಲ್ಲಿ ಅದು ಎರಡು ಗಂಟೆ, ಹಲವಲ್ಲಿ ಒಂದು ದಿನ. ಅವಧಿ ಅರ್ಧ ಕಳೆದಾಗ ಯಂತ್ರವೇ ಸದ್ದಿಲ್ಲದೆ ನವೀಕರಣ ಕೇಳುತ್ತದೆ. ಉತ್ತರ ಸಿಗದಿದ್ದರೆ ಎಂಟರಲ್ಲಿ ಏಳು ಪಾಲು ಕಳೆದ ಮೇಲೆ ಮತ್ತೆ, ಈ ಸಲ ಎಲ್ಲರಿಗೂ ಕೇಳುವಂತೆ. ಸದಾ ಆನ್ ಇರುವ ಯಂತ್ರ ಹೀಗೆ ತಿಂಗಳುಗಟ್ಟಲೆ ಒಂದೇ ಸಂಖ್ಯೆಯಲ್ಲಿ ಕಾಲ ಹಾಕಬಹುದು. ತೊಂದರೆ ಬರುವುದು ಆಫ್ ಆಗಿರುವವರಿಗೆ. ವಾರಕ್ಕೊಮ್ಮೆ ಮಾತ್ರ ಹಾಕುವ ಪ್ರಿಂಟರಿನ ಲೀಸ್ ಮುಗಿದಿರುತ್ತದೆ. ಭಾನುವಾರ ಊಟಕ್ಕೆ ಬಂದ ನೆಂಟರ ಫೋನಿಗೆ ಅದೇ 37 ಹೋಗಿರುತ್ತದೆ. ಇಲ್ಲವೇ ಕರೆಂಟು ಹೋದಾಗ ರೌಟರೇ ಆಫ್ ಆಗುತ್ತದೆ. ಎಷ್ಟೋ ರೌಟರುಗಳು ಯಾರಿಗೆ ಯಾವ ಸಂಖ್ಯೆ ಕೊಟ್ಟೆ ಎಂಬ ಪಟ್ಟಿಯನ್ನು ತಾತ್ಕಾಲಿಕ ಮೆಮೊರಿಯಲ್ಲಿಡುತ್ತವೆ. ಮತ್ತೆ ಆನ್ ಆದಾಗ ಪಟ್ಟಿ ಖಾಲಿ.

ಇಲ್ಲಿ ತಿಳಿದವರು ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ. ಬಹುಪಾಲು ಸಲ ಹಳೆಯ ಸಂಖ್ಯೆಯೇ ವಾಪಸು ಸಿಗುತ್ತದಲ್ಲ? ಹೌದು. ಹೆಚ್ಚಿನ ಕಂಪ್ಯೂಟರುಗಳು, ಫೋನುಗಳು ತಮ್ಮ ಹಿಂದಿನ ಸಂಖ್ಯೆ ನೆನಪಿಟ್ಟುಕೊಂಡು ಅದನ್ನೇ ಕೇಳುತ್ತವೆ. ಅನೇಕ ರೌಟರುಗಳ ಒಳಗಿರುವ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಯಂತ್ರದ ಗುರುತುಸಂಖ್ಯೆಯಿಂದಲೇ ಲೆಕ್ಕ ಹಾಕಿ ವಿಳಾಸ ಆರಿಸುವುದರಿಂದ ಪಟ್ಟಿ ಅಳಿಸಿಹೋದರೂ ಉತ್ತರ ಸಾಮಾನ್ಯವಾಗಿ ಅದೇ ಬರುತ್ತದೆ. ಹಾಗಿದ್ದರೆ ಈ ಉಸಾಬರಿ ಏಕೆ? ನನಗನ್ನಿಸುವಂತೆ ತೊಂದರೆ ಅಪರೂಪವಾಗಿರುವುದೇ ಇಲ್ಲಿನ ದೊಡ್ಡ ತೊಂದರೆ. ದಿನಾ ಕೈಕೊಡುವ ಯಂತ್ರವನ್ನು ಯಾರಾದರೂ ಸರಿಮಾಡಿಸುತ್ತಾರೆ. ನಾಲ್ಕು ತಿಂಗಳಿಗೊಮ್ಮೆ ಕೈಕೊಟ್ಟು ತಾನೇ ಸರಿಹೋಗುವ ಯಂತ್ರದ ಕಾಯಿಲೆ ಪತ್ತೆಯೇ ಆಗುವುದಿಲ್ಲ. ಪ್ರಿಂಟರ್ ಹಾಳು ಎಂಬ ತೀರ್ಮಾನಕ್ಕೆ ಬಂದು ಹೊಸದು ಕೊಂಡವರೂ ಇರುತ್ತಾರೆ. ಹೊಸ ಪ್ರಿಂಟರಿಗೆ ಲ್ಯಾಪ್‌ಟಾಪಿನಲ್ಲಿ ಹೊಸ ಸಂಖ್ಯೆ ದಾಖಲಾಗುತ್ತದೆ, ಎಲ್ಲ ಸರಿಯಾಗಿ ಓಡುತ್ತದೆ, ಹಳೆಯದು ಕೆಟ್ಟಿತ್ತು ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಯಾರಿಗೆ ಕಾಯಂ ಸಂಖ್ಯೆ ಬೇಕು ಎಂಬುದನ್ನು ಒಂದೇ ಪ್ರಶ್ನೆಯಿಂದ ತೀರ್ಮಾನಿಸಬಹುದು: ಈ ಯಂತ್ರವನ್ನು ಇನ್ನೊಂದು ಯಂತ್ರ ಹುಡುಕಿಕೊಂಡು ಬರುತ್ತದೆಯೇ? ಫೋನನ್ನು ಮನೆಯೊಳಗೆ ಯಾರೂ ಹುಡುಕುವುದಿಲ್ಲ, ಅದೇ ಎಲ್ಲರನ್ನೂ ಹುಡುಕಿಕೊಂಡು ಹೋಗುತ್ತದೆ. ಇಂದು 41, ನಾಳೆ 58 ಆದರೆ ಅದಕ್ಕೇನೂ ಆಗಬೇಕಿಲ್ಲ, ಲ್ಯಾಪ್‌ಟಾಪಿಗೂ ಅಷ್ಟೆ. ಪ್ರಿಂಟರಿನ ಮಾತು ಬೇರೆ. ವಿಂಡೋಸ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ‘ಪೋರ್ಟ್ಸ್’ ಎಂಬ ಹಾಳೆ ನೋಡಿದರೆ ಎಷ್ಟೋ ಸಲ ಅಲ್ಲೊಂದು ಐಪಿ ಸಂಖ್ಯೆಯೇ ಬರೆದಿರುತ್ತದೆ. ಪ್ರಿಂಟರ್ ಆ ಸಂಖ್ಯೆ ಬಿಟ್ಟು ಕದಲಿದರೆ ಕಥೆ ಮುಗಿಯಿತು. ಸಿಸಿಟಿವಿಯ ಡಿವಿಆರ್, ಫೋಟೊಗಳನ್ನೆಲ್ಲ ಕೂಡಿಟ್ಟ ನೆಟ್‌ವರ್ಕ್ ಹಾರ್ಡ್‌ಡಿಸ್ಕ್, ಇಂಟರ್‌ಕಾಮ್ ಪೆಟ್ಟಿಗೆ, ಇನ್ವರ್ಟರಿಗೋ ಸೋಲಾರಿಗೋ ಜೋಡಿಸಿದ ವೈಫೈ ತುಣುಕು, ಎರಡನೇ ಮಹಡಿಯಲ್ಲಿ ಸಿಗ್ನಲ್ ಸಿಗಲೆಂದು ಹಾಕಿದ ಇನ್ನೊಂದು ರೌಟರು — ಇವೆಲ್ಲ ಹುಡುಕಿಸಿಕೊಳ್ಳುವ ಜಾತಿಯವು. ಸಾಧಾರಣ ಮನೆಯಲ್ಲಿ ಇಂಥವು ಐದಾರು ಸಿಕ್ಕರೆ ಹೆಚ್ಚು. ಜಯನಗರ, ಬನಶಂಕರಿಗಳ ಹಳೆಯ ಮನೆಗಳಲ್ಲಿ ಡಿವಿಆರ್‌ಗೆ ವಿಶೇಷ ಸ್ಥಾನವಿದೆ. ಅಲ್ಲಿ ವಯಸ್ಸಾದ ಇಬ್ಬರೇ ಇರುತ್ತಾರೆ, ಮಕ್ಕಳು ಡಲ್ಲಾಸಿನಲ್ಲೋ ಸಿಡ್ನಿಯಲ್ಲೋ ಕೂತು ಗೇಟು ಹಾಕಿದೆಯೇ ಎಂದು ಫೋನಿನಲ್ಲಿ ನೋಡುತ್ತಾರೆ. ಆ ಚಿತ್ರ ನಿಂತುಹೋದಾಗ ಕರೆ ಬರುವುದು ಅಪ್ಪನಿಗೆ, ಅಪ್ಪ ಕರೆಯುವುದು ಕ್ಯಾಮೆರಾ ಹಾಕಿದವರನ್ನು, ಅವರು ಬರುವುದು ಎರಡು ದಿನ ಬಿಟ್ಟು.

ಇನ್ನು ಎಲ್ಲಿ ಬರೆಯಬೇಕೆಂಬ ಪ್ರಶ್ನೆ. ಮೊದಲ ದಾರಿ, ಯಂತ್ರದಲ್ಲೇ ಬರೆಯುವುದು. ಪ್ರಿಂಟರಿನ ಪುಟ್ಟ ಪರದೆಯಲ್ಲಿ ‘ಮ್ಯಾನ್ಯುಯಲ್’ ಆರಿಸಿ 192.168.1.50 ಎಂದು ಒತ್ತುತ್ತೀರಿ. ಅಷ್ಟಕ್ಕೇ ಮುಗಿಯುವುದಿಲ್ಲ, ಸಬ್‌ನೆಟ್ ಮಾಸ್ಕ್ ಕೇಳುತ್ತದೆ, ಅದು ಮನೆಗಳಲ್ಲಿ ಸಾಮಾನ್ಯವಾಗಿ 255.255.255.0. ಗೇಟ್‌ವೇ ಕೇಳುತ್ತದೆ, ಅದು ರೌಟರಿನ ಸಂಖ್ಯೆ. ಡಿಎನ್‌ಎಸ್ ಕೇಳುತ್ತದೆ, ಇದನ್ನು ತಪ್ಪು ಬರೆದರೆ ಮನೆಯೊಳಗೆ ಎಲ್ಲ ಸರಿಯಿದ್ದು ಇಂಟರ್‌ನೆಟ್ ಮಾತ್ರ ಸಿಗದ ವಿಚಿತ್ರ ಸ್ಥಿತಿ ಬರುತ್ತದೆ. ಎಲ್ಲ ಸರಿಯಾಗಿ ಬರೆದಿರಿ ಎನ್ನೋಣ. ಆದರೂ ರೌಟರಿಗೆ ಈ ವಿಷಯ ತಿಳಿಸಿದವರಿಲ್ಲ. ಅದರ ಪಟ್ಟಿಯಲ್ಲಿ 50 ಇನ್ನೂ ಖಾಲಿಯೇ. ಪ್ರಿಂಟರ್ ಆಫ್ ಇದ್ದ ಒಂದು ಮಧ್ಯಾಹ್ನ ಅದನ್ನು ಯಾವುದೋ ಟ್ಯಾಬ್ಲೆಟ್ಟಿಗೆ ಕೊಟ್ಟುಬಿಡುತ್ತದೆ. ಸಂಜೆ ಪ್ರಿಂಟರ್ ಆನ್ ಆದಾಗ ಒಂದೇ ಸಂಖ್ಯೆಗೆ ಇಬ್ಬರು ವಾರಸುದಾರರು. ಲ್ಯಾಪ್‌ಟಾಪ್ ‘50 ಯಾರು’ ಎಂದು ಕೇಳಿದರೆ ಇಬ್ಬರೂ ‘ನಾನೇ’ ಎನ್ನುತ್ತಾರೆ; ಒಮ್ಮೆ ಒಬ್ಬರ ಉತ್ತರ ಮೇಲುಗೈ, ಇನ್ನೊಮ್ಮೆ ಇನ್ನೊಬ್ಬರದು. ಅರ್ಧ ಪುಟ ಅಚ್ಚಾಗಿ ನಿಲ್ಲುವ ಪ್ರಿಂಟರು, ಪದೇ ಪದೇ ನೆಟ್ ಕಡಿದುಹೋಗುವ ಟ್ಯಾಬ್ಲೆಟ್ಟು — ಇವುಗಳ ಹಿಂದೆ ಇಂಥ ಜಗಳ ಇರುವುದುಂಟು. ರೌಟರ್ ಹಂಚುವ ಸಂಖ್ಯೆಗಳ ವ್ಯಾಪ್ತಿಯ ಹೊರಗಿನ ಸಂಖ್ಯೆ ಬರೆದರೆ ಇದು ತಪ್ಪುತ್ತದೆ ನಿಜ. ಆದರೆ ಆ ವ್ಯಾಪ್ತಿ ಯಾವುದೆಂದು ತಿಳಿಯಲು ಹೇಗೂ ರೌಟರ್ ಒಳಗೆ ಹೋಗಲೇಬೇಕು. ಹೋದಮೇಲೆ ಕೆಲಸವನ್ನು ಅಲ್ಲೇ ಮುಗಿಸಿ ಬರಬಹುದಲ್ಲ?

ಅದೇ ಎರಡನೇ ದಾರಿ. ವೈಫೈ ಅಥವಾ ಲ್ಯಾನ್ ಸಾಧನಗಳಿಗೆಲ್ಲ ಮ್ಯಾಕ್ ವಿಳಾಸ ಎಂಬ 48 ಬಿಟ್‌ಗಳ ಗುರುತುಸಂಖ್ಯೆಯೊಂದು ಕಾರ್ಖಾನೆಯಲ್ಲೇ ಬಿದ್ದಿರುತ್ತದೆ. ಪ್ರಿಂಟರಿನ ಬೆನ್ನಿಗೆ, ಡಿವಿಆರ್‌ನ ತಳಕ್ಕೆ ಅಂಟಿಸಿದ ಚೀಟಿಯಲ್ಲಿ ಹನ್ನೆರಡು ಅಂಕಿ ಅಕ್ಷರಗಳಾಗಿ ಕಾಣುತ್ತದೆ. ರೌಟರಿನ ಪುಟದಲ್ಲಿ ‘ಅಡ್ರೆಸ್ ರಿಸರ್ವೇಷನ್’, ‘ಸ್ಟ್ಯಾಟಿಕ್ ಲೀಸ್’ ಅಥವಾ ‘ಐಪಿ ಮ್ಯಾಕ್ ಬೈಂಡಿಂಗ್’ ಎಂಬ ಹೆಸರಿನ ಕೋಷ್ಟಕವೊಂದಿರುತ್ತದೆ. ಅಲ್ಲಿ ಈ ಗುರುತಿನವನಿಗೆ ಈ ಸಂಖ್ಯೆ ಎಂದು ಒಂದು ಸಾಲು ಸೇರಿಸಿದರೆ ಆಯಿತು. ಪ್ರಿಂಟರಿನಲ್ಲಿ ಏನನ್ನೂ ಮುಟ್ಟಬೇಕಿಲ್ಲ. ಅದು ಎಂದಿನಂತೆ ಕೂಗುತ್ತದೆ, ರೌಟರ್ ಎಂದಿನಂತೆ ಕೊಡುತ್ತದೆ, ಆದರೆ ಪ್ರತಿಸಲವೂ ಅದೇ ಸಂಖ್ಯೆಯನ್ನು. ಆ ಸಂಖ್ಯೆ ಇನ್ನಾರಿಗೂ ಹೋಗುವುದಿಲ್ಲ. ಮಾಸ್ಕ್, ಗೇಟ್‌ವೇ, ಡಿಎನ್‌ಎಸ್‌ಗಳನ್ನೂ ರೌಟರೇ ಒಟ್ಟಿಗೆ ಕಳಿಸುವುದರಿಂದ ಕೈತಪ್ಪಿಗೆ ಎಡೆಯಿಲ್ಲ. ಕಾಯ್ದಿರಿಸುವ ಸಂಖ್ಯೆ ಹಂಚಿಕೆಯ ವ್ಯಾಪ್ತಿಯೊಳಗೇ ಇರಬೇಕೆಂದು ಕೆಲವು ರೌಟರುಗಳು ಪಟ್ಟು ಹಿಡಿಯುತ್ತವೆ, ಕೆಲವು ಹೊರಗಿದ್ದರೂ ಒಪ್ಪುತ್ತವೆ. ಅದರ ಮಾತಿನಂತೆ ನಡೆದರೆ ಸಾಕು. ಸಾಲು ಉಳಿಸಿ ಪ್ರಿಂಟರನ್ನೊಮ್ಮೆ ಆಫ್ ಮಾಡಿ ಹಾಕಬೇಕು, ಇಲ್ಲದಿದ್ದರೆ ಹಳೆಯ ಲೀಸ್ ಮುಗಿಯುವವರೆಗೆ ಹಳೆಯ ಸಂಖ್ಯೆಯಲ್ಲೇ ಇದ್ದೀತು.

ರೌಟರಿನಲ್ಲಿ ಬರೆಯುವುದಕ್ಕೆ ಬೆಂಗಳೂರಿನವರು ಹೇಳುವ ಗಟ್ಟಿ ಆಕ್ಷೇಪವೊಂದಿದೆ. ಇಲ್ಲಿ ಇಂಟರ್‌ನೆಟ್ ಕಂಪನಿ ಬದಲಾಯಿಸುವುದು ಅಪರೂಪವೇನಲ್ಲ. ಒಂದೇ ಕಂಬದಲ್ಲಿ ನಾಲ್ಕು ಕಂಪನಿಗಳ ಕೇಬಲ್ಲು ಜೋತಾಡುತ್ತಿರುತ್ತದೆ, ಯಾರ ಪ್ಲಾನ್ ಅಗ್ಗವೋ ಅವರ ಪೆಟ್ಟಿಗೆ ಗೋಡೆಗೆ ಬರುತ್ತದೆ. ಪೆಟ್ಟಿಗೆ ಬದಲಾದ ದಿನ ಅದರೊಳಗಿನ ಕೋಷ್ಟಕವೂ ಹೋಯಿತಲ್ಲ? ಹೋಯಿತು. ಆದರೆ ಯಂತ್ರದಲ್ಲೇ ಬರೆದಿದ್ದರೆ ಆಗುತ್ತಿದ್ದುದನ್ನು ನೋಡಿ. ಹಳೆಯ ರೌಟರು 192.168.1.1 ಎನ್ನೋಣ. ಹೊಸ ಪೆಟ್ಟಿಗೆ 192.168.0.1 ಇರಬಹುದು, ಜಿಯೋ ಫೈಬರಿನ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ 192.168.29.1. ಮನೆಯ ವಿಳಾಸಗಳ ಮೂರನೇ ಭಾಗವೇ ಬದಲಾಯಿತು. ಕೈಯಲ್ಲಿ 192.168.1.50 ಎಂದು ಬರೆಸಿಕೊಂಡ ಪ್ರಿಂಟರು ಇನ್ನಿಲ್ಲದ ಮನೆಯ ಸಂಖ್ಯೆ ಹಿಡಿದು ಕೂತಿರುತ್ತದೆ. ಅದು ಯಾರಿಗೂ ಸಿಗುವುದಿಲ್ಲ, ಅದರ ಸೆಟ್ಟಿಂಗ್ಸ್ ಪುಟ ಕೂಡ. ಪರದೆಯೇ ಇಲ್ಲದ ಕ್ಯಾಮೆರಾ ಆದರೆ ರಿಸೆಟ್ ಗುಂಡಿ ಒತ್ತಲು ಏಣಿ ತರಬೇಕು. ರೌಟರಿನಲ್ಲಿ ಕಾಯ್ದಿರಿಸಿದ್ದರೆ ಎಲ್ಲವೂ ಹೊಸ ಪೆಟ್ಟಿಗೆಯಿಂದ ಹೊಸ ಸಂಖ್ಯೆ ಪಡೆದು ಜೀವಂತವಾಗಿರುತ್ತವೆ, ಐದಾರು ಸಾಲು ಮತ್ತೆ ತುಂಬಿಸಿದರೆ ಆಯಿತು. ಆ ಸಾಲುಗಳನ್ನು ಕಾಗದದಲ್ಲಿ ಬರೆದು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿಡುವುದು ಒಳ್ಳೆಯದು. ಯಂತ್ರದ ಹೆಸರು, ಮ್ಯಾಕ್, ವಿಳಾಸದ ಕೊನೆಯ ಭಾಗ, ಇಷ್ಟು ಸಾಕು. ಇನ್ನೂ ಖಾತ್ರಿ ಬೇಕೆನ್ನುವವರು ಎಸ್.ಪಿ. ರಸ್ತೆಯಿಂದ ಸ್ವಂತದ್ದೊಂದು ರೌಟರ್ ತಂದು ಕಂಪನಿಯ ಪೆಟ್ಟಿಗೆಯ ಹಿಂದೆ ಹಾಕಿಕೊಳ್ಳಬಹುದು. ಆಗ ಕಂಪನಿ ಯಾವುದು ಬಂದರೂ ಮನೆಯೊಳಗಿನ ಸಂಖ್ಯೆಗಳು ಕದಲುವುದಿಲ್ಲ. ಎರಡು ಪೆಟ್ಟಿಗೆಗಳ ಒಳಜಾಲದ ಸಂಖ್ಯೆ ಬೇರೆ ಬೇರೆ ಇರಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಒಂದು ಕಡೆ ಮಾತ್ರ ಈ ಲೆಕ್ಕ ದೊಡ್ಡದಾಗುತ್ತದೆ, ಅದು ಬಿಟಿಎಂ ಲೇಔಟಿನಂಥ ಕಡೆಯ ಪಿಜಿಗಳು. ಮನೆ ಬಳಕೆಯ ರೌಟರಿನಲ್ಲಿ ಒಟ್ಟು 254 ಸಂಖ್ಯೆಗಳಿಗೆ ಜಾಗವಿದ್ದರೂ ಎಷ್ಟೋ ಮಾದರಿಗಳು ತಾವಾಗಿ ಹಂಚುವುದು 100ರಿಂದ 199ರವರೆಗೆ, ಅಂದರೆ ನೂರೇ ನೂರು. ನಲವತ್ತು ಹುಡುಗರಿರುವ ಕಟ್ಟಡ ಎಂದಿಟ್ಟುಕೊಳ್ಳಿ. ಫೋನು, ಲ್ಯಾಪ್‌ಟಾಪು ಸೇರಿ ಎಂಬತ್ತು. ಕೈಗಡಿಯಾರ, ಟ್ಯಾಬ್ಲೆಟ್ಟು, ಟಿವಿ ಸೇರಿದರೆ ನೂರರ ಗಡಿ. ಬಂದುಹೋಗುವ ಗೆಳೆಯರ ಫೋನುಗಳು ಹೋದಮೇಲೂ ಒಂದು ದಿನದ ಲೀಸ್ ಹಿಡಿದಿಟ್ಟುಕೊಂಡಿರುತ್ತವೆ. ಆಗ ಕೊನೆಗೆ ಬಂದವನಿಗೆ ವೈಫೈ ಪೂರ್ತಿ ಕಡ್ಡಿ ತೋರಿಸಿಯೂ ನೆಟ್ ಬರುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪಾದರೆ 169.254ರಿಂದ ಶುರುವಾಗುವ ಸಂಖ್ಯೆಯೊಂದನ್ನು ತಾನೇ ಇಟ್ಟುಕೊಂಡು ಸುಮ್ಮನಾಗುತ್ತದೆ. ವಿಳಾಸ ಕೊಡುವವರು ಸಿಗಲಿಲ್ಲ ಎಂಬುದರ ಗುರುತು ಅದು. ಇಂಥಲ್ಲಿ ಮಾಲೀಕರು ಇಂಟರ್‌ನೆಟ್ ವೇಗ ಹೆಚ್ಚಿಸಲು ದುಡ್ಡು ಕಟ್ಟುವುದುಂಟು, ಏನೂ ಪ್ರಯೋಜನವಾಗದು. ಹಂಚುವ ವ್ಯಾಪ್ತಿಯನ್ನು 20ರಿಂದ 254ಕ್ಕೆ ಹಿಗ್ಗಿಸಿ, ಲೀಸನ್ನು ಎರಡು ಗಂಟೆಗೆ ಇಳಿಸಿ, ಕ್ಯಾಮೆರಾ ಬಯೋಮೆಟ್ರಿಕ್‌ಗಳಿಗೆ ಮೊದಲ ಹತ್ತೊಂಬತ್ತರಲ್ಲಿ ಜಾಗ ಕಾಯ್ದಿರಿಸಿದರೆ ಕೆಲಸವಾದೀತು. ಎಲ್ಲರಿಗೂ ಕಾಯಂ ಸಂಖ್ಯೆ ಕೊಡುವ ಪ್ರಸ್ತಾಪ ಎಷ್ಟು ಅವ್ಯಾವಹಾರಿಕ ಎಂಬುದೂ ಇಲ್ಲಿ ಸ್ಪಷ್ಟ: ಬಂದುಹೋಗುವವರಿಗೆ ಸಂಖ್ಯೆಯೂ ಬಂದುಹೋಗುತ್ತಿರಬೇಕು.

ಮ್ಯಾಕ್ ವಿಳಾಸವೇ ಬದಲಾದರೆ ಏನು ಗತಿ ಎಂಬುದು ಮುಂದಿನ ಪ್ರಶ್ನೆ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ಮರೆಮಾಚಿ ಒಂದೊಂದು ವೈಫೈಗೂ ಒಂದೊಂದು ಹುಸಿ ಸಂಖ್ಯೆ ತೋರಿಸುತ್ತವೆ. ಮಾಲ್‌ಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಜನರ ಓಡಾಟದ ಜಾಡು ಹಿಡಿಯುವವರನ್ನು ತಡೆಯಲು ಮಾಡಿದ ಒಳ್ಳೆಯ ಏರ್ಪಾಡು ಅದು. ಮ್ಯಾಕ್ ವಿಳಾಸದ ಹನ್ನೆರಡು ಅಂಕಿ ಅಕ್ಷರಗಳಲ್ಲಿ ಎರಡನೆಯದು 2, 6, ಎ ಅಥವಾ ಇ ಆಗಿದ್ದರೆ ಬಹುತೇಕ ಹುಸಿ ಎಂದು ತಿಳಿಯಬಹುದು. ಆದರೆ ಫೋನಿಗೆ ಕಾಯಂ ವಿಳಾಸ ಬೇಕಿಲ್ಲ ಎಂದು ಆಗಲೇ ಹೇಳಿದ್ದರಿಂದ ಇದು ನಮಗೆ ಅಡ್ಡಿಯಾಗುವುದಿಲ್ಲ. ಪ್ರಿಂಟರು, ಡಿವಿಆರ್‌ಗಳು ಇಂಥ ವೇಷ ಹಾಕುವುದಿಲ್ಲ. ಮಕ್ಕಳ ಟ್ಯಾಬ್ಲೆಟ್ಟಿಗೆ ರಾತ್ರಿ ಹತ್ತರ ಮೇಲೆ ನೆಟ್ ಬಂದ್ ಮಾಡುವ ನಿಯಮ ಹಾಕಿದವರು ಮಾತ್ರ ಆ ಟ್ಯಾಬ್ಲೆಟ್ಟಿನಲ್ಲಿ, ಮನೆಯ ವೈಫೈಗಷ್ಟೇ, ನಿಜವಾದ ಮ್ಯಾಕ್ ಬಳಸುವಂತೆ ಹೇಳಬೇಕಾಗುತ್ತದೆ. ಮಕ್ಕಳಿಗೆ ಈ ಸೆಟ್ಟಿಂಗ್ ಎಲ್ಲಿದೆಯೆಂದು ತಂದೆತಾಯಿಗಿಂತ ಮೊದಲು ಗೊತ್ತಿರುತ್ತದೆ, ಅದು ಬೇರೆ ಮಾತು.

ಸಂಖ್ಯೆಯ ರಗಳೆಯೇ ಬೇಡ, ಹೆಸರಿನಿಂದ ಹುಡುಕುವ ವ್ಯವಸ್ಥೆ ಇದೆಯಲ್ಲ ಎಂದು ವಾದಿಸುವವರಿದ್ದಾರೆ. ಇದೆ. ಎಂಡಿಎನ್‌ಎಸ್ ಎಂಬ ನಿಯಮಾವಳಿ 2013ರಲ್ಲಿ ಪ್ರಕಟವಾಗಿದೆ, ಆಪಲ್ ಅದನ್ನು ಬಾಂಜೂರ್ ಎಂಬ ಹೆಸರಿನಲ್ಲಿ ಅದಕ್ಕೂ ಮೊದಲೇ ಬಳಕೆಗೆ ತಂದಿತ್ತು. ಐಫೋನಿನಿಂದ ಪ್ರಿಂಟ್ ಕೊಟ್ಟಾಗ ಪ್ರಿಂಟರಿನ ಹೆಸರು ತಾನಾಗಿ ಮೂಡುವುದು ಇದರಿಂದಲೇ. ಅದು ಕೆಲಸ ಮಾಡುವ ಮನೆಯಲ್ಲಿ ಅಷ್ಟರಮಟ್ಟಿಗೆ ಕಾಯಂ ಸಂಖ್ಯೆಯ ಅಗತ್ಯ ಕಡಿಮೆ, ಒಪ್ಪಬೇಕಾದ್ದೇ. ಆದರೆ ಹೆಸರು ಹಿಡಿದು ಕರೆಯುವ ಈ ಕೂಗು ಒಂದು ಜಾಲದ ಗಡಿ ದಾಟುವುದಿಲ್ಲ. ಕಂಪನಿಯ ಪೆಟ್ಟಿಗೆಯ ವೈಫೈಗೆ ಫೋನು, ಸ್ವಂತ ರೌಟರಿನ ವೈಫೈಗೆ ಪ್ರಿಂಟರು ಸೇರಿಕೊಂಡ ಮನೆಗಳಲ್ಲಿ ಹೆಸರು ಕಾಣಿಸದು. ಎಷ್ಟೋ ಡಿವಿಆರ್‌ಗಳಿಗೆ ಈ ಭಾಷೆಯೇ ಬರುವುದಿಲ್ಲ. ಕ್ಲೌಡ್ ಇದೆಯಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕ್ಯಾಮೆರಾ ಬರುತ್ತದಲ್ಲ ಎಂಬುದೂ ಹೀಗೆಯೇ ಅರ್ಧ ಸತ್ಯ. ಹತ್ತಡಿ ದೂರದ ಗೇಟು ನೋಡಲು ಚಿತ್ರ ಊರಾಚೆಯ ಸರ್ವರಿಗೆ ಹೋಗಿಬರಬೇಕಾದೀತು. ರಸ್ತೆ ಅಗೆದು ಕೇಬಲ್ ತುಂಡಾದ ದಿನ, ಮರದ ಕೊಂಬೆ ತಂತಿಯ ಮೇಲೆ ಬಿದ್ದ ದಿನ, ಅದೂ ಇಲ್ಲ. ಅಂಥ ದಿನ ಡಿವಿಆರ್‌ನ ಒಳಸಂಖ್ಯೆ ಗೊತ್ತಿದ್ದವರಿಗೆ ಮಾತ್ರ ಚಿತ್ರ ಸಿಗುತ್ತದೆ, ಏಕೆಂದರೆ ಇಂಟರ್‌ನೆಟ್ ಸತ್ತರೂ ಮನೆಯ ವೈಫೈ ಬದುಕಿರುತ್ತದೆ. ಐಪಿವಿ6 ಬಂದರೆ ಇದೆಲ್ಲ ಹಳತಾಗುತ್ತದೆ ಎನ್ನುವುದನ್ನೂ ಕೇಳಿದ್ದೇವೆ. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲೇ ಇದೆ. 2016ರಲ್ಲಿ ಜಿಯೋ ಬಂದಮೇಲೆ ಆ ಏರಿಕೆ ಎದ್ದು ಕಂಡಿತು. ಆದರೆ ಅಲ್ಲಿ ಒಂದೊಂದು ಯಂತ್ರಕ್ಕೆ ಹಲವು ವಿಳಾಸಗಳು, ಕೆಲವು ಗೋಪ್ಯತೆಗಾಗಿ ಬೇಕೆಂದೇ ಬದಲಾಗುತ್ತಿರುವಂಥವು. ಮನೆಯೊಳಗೆ 192.168 ಇನ್ನೂ ಅದರ ಜೊತೆಜೊತೆಗೇ ನಡೆಯುತ್ತಿದೆ, ಪ್ರಿಂಟರು ಓಡುತ್ತಿರುವುದು ಬಹುತೇಕ ಅದರಲ್ಲೇ.

ಈಗ ದುಡ್ಡಿನ ವಿಚಾರ. ಇಂಟರ್‌ನೆಟ್ ಕಂಪನಿಗಳು ‘ಸ್ಟ್ಯಾಟಿಕ್ ಐಪಿ’ ಎಂದು ಹೆಚ್ಚುವರಿ ಶುಲ್ಕಕ್ಕೆ ಮಾರುವುದು ಹೊರಗಿನ, ಸಾರ್ವಜನಿಕ ವಿಳಾಸವನ್ನು. ಪ್ರಿಂಟರ್ ಸಮಸ್ಯೆಗೆ ಅದನ್ನು ಕೊಂಡರೆ ಪ್ರಿಂಟರಿಗೆ ನಯಾಪೈಸೆ ಉಪಕಾರವಿಲ್ಲ. ಒಳಸಂಖ್ಯೆ ಮೊದಲಿನಂತೆಯೇ ಬದಲಾಗುತ್ತಿರುತ್ತದೆ. ಅದು ಬೇಕಾಗುವುದು ಹೊರಗಿನಿಂದ ನೇರವಾಗಿ ಮನೆಯೊಳಗಿನ ಯಂತ್ರ ಮುಟ್ಟಬೇಕೆನ್ನುವವರಿಗೆ, ಅದರಲ್ಲೂ ಡಿವಿಆರ್‌ಗೆ ‘ಪೋರ್ಟ್ ಫಾರ್ವರ್ಡ್’ ಮಾಡಿಸಿ, ಹೊರಗಿನಿಂದ ಬಂದ ಕರೆಯನ್ನು ರೌಟರ್ ನೇರವಾಗಿ ಅದಕ್ಕೆ ದಾಟಿಸಲಿ ಎನ್ನುವವರಿಗೆ. ವಿಳಾಸಗಳ ಬರದಿಂದಾಗಿ ಅನೇಕ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿವೆ. ಅದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ಮೀಸಲಿಡಲಾಯಿತು. ರೌಟರಿನ ‘ವ್ಯಾನ್’ ಎಂಬ ಪುಟದಲ್ಲಿ ಇಂಥ ಸಂಖ್ಯೆ ಕಂಡರೆ ಎಷ್ಟು ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ಕ್ಯಾಮೆರಾ ಹಾಕಲು ಬಂದವರು ಅರ್ಧ ದಿನ ಒದ್ದಾಡಿ ‘ನಿಮ್ಮ ನೆಟ್ ಸರಿಯಿಲ್ಲ ಸಾರ್’ ಎಂದು ಹೋಗುವುದರ ಹಿಂದೆ ಇದೂ ಒಂದು ಕಾರಣ.

ಕಾಯಂ ವಿಳಾಸದಿಂದ ಕಳ್ಳರಿಗೆ ಸುಲಭವಾಗುವುದಿಲ್ಲವೇ ಎಂಬ ಭಯಕ್ಕೂ ಉತ್ತರ ಈ ವ್ಯತ್ಯಾಸದಲ್ಲೇ ಇದೆ. ಒಳಸಂಖ್ಯೆ ಹೊರಗಿನವರಿಗೆ ಕಾಣುವುದೇ ಇಲ್ಲ. ಅದು 50 ಎಂದು ಕಾಯಂ ಆದರೂ, ದಿನಾ ಬದಲಾದರೂ ಅವರಿಗೆ ಒಂದೇ. ಒಳಗೆ ನುಗ್ಗಿದವನಿಗಂತೂ 254 ಸಂಖ್ಯೆಗಳನ್ನು ಒಂದೊಂದಾಗಿ ತಟ್ಟಿ ನೋಡಲು ಕೆಲವೇ ಕ್ಷಣ ಸಾಕು. ಅಪಾಯ ಇರುವುದು ಪೋರ್ಟ್ ತೆರೆದಿಡುವುದರಲ್ಲಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಟರ್‌ನೆಟ್ಟಿಗೆ ಮುಖ ತೆರೆದಿದ್ದ ಕ್ಯಾಮೆರಾ, ಡಿವಿಆರ್, ರೌಟರುಗಳನ್ನು ಹುಡುಕಿ, ಕಾರ್ಖಾನೆಯಲ್ಲಿ ಇಟ್ಟ ಬಳಕೆದಾರ ಹೆಸರು, ಪಾಸ್‌ವರ್ಡುಗಳ ಅರವತ್ತಕ್ಕೂ ಹೆಚ್ಚು ಜೋಡಿಗಳನ್ನು ಒಂದಾದಮೇಲೊಂದು ಪ್ರಯತ್ನಿಸಿ ವಶಮಾಡಿಕೊಂಡಿತ್ತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಯಂತ್ರಗಳ ಪಡೆ, ತಾಣಗಳಿಗೆ ಡಿಎನ್‌ಎಸ್ ಸೇವೆ ಕೊಡುತ್ತಿದ್ದ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳು ಗಂಟೆಗಟ್ಟಲೆ ತತ್ತರಿಸಿದವು. ಹಾಗಾಗಿ ಡಲ್ಲಾಸಿನ ಮಗಳಿಗೆ ಗೇಟು ಕಾಣಬೇಕಾದರೆ ಡಿವಿಆರ್‌ನ ಪೋರ್ಟ್ ತೆರೆಯುವ ಬದಲು, ದೂರದ ಫೋನನ್ನೂ ಮನೆಯ ಜಾಲದೊಳಗೇ ಸೇರಿಸಿಕೊಳ್ಳುವ ವಿಪಿಎನ್ ಅನ್ನು ರೌಟರಿನಲ್ಲಿ ಹಾಕಿಸುವುದು ಮೇಲು. ಸಾರ್ವಜನಿಕ ವಿಳಾಸ ಇಲ್ಲದವರು ಪಾಸ್‌ವರ್ಡ್ ಬದಲಿಸಿಕೊಂಡು ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪಿನಲ್ಲೇ ನೋಡಬಹುದು. ವಿಪಿಎನ್ ಹಾಕಿಸಿದರೆ ಮಗಳ ಫೋನಿನಲ್ಲಿ ಬರೆಯಬೇಕಾದದ್ದು ಡಿವಿಆರ್‌ನ ಒಳಸಂಖ್ಯೆಯನ್ನೇ. ಅಲ್ಲಿ ರಾತ್ರಿ, ಇಲ್ಲಿ ಹಗಲು. ಸಂಖ್ಯೆ ಬದಲಾದರೆ ಹೊಸದು ಏನೆಂದು ಹುಡುಕಿ ಹೇಳಲು ಈ ಕಡೆ ಯಾರಿಗೂ ಬರದೆ ಇರಬಹುದು. ಆದ್ದರಿಂದ ಕ್ಯಾಮೆರಾ ಹಾಕಿದವರಿಗೆ ಬಾಕಿ ಹಣ ಕೊಡುವ ಮುಂಚೆ, ರೌಟರಿನ ಕೋಷ್ಟಕದಲ್ಲಿ ಡಿವಿಆರ್‌ನ ಸಾಲು ಸೇರಿದೆಯೇ ಎಂದು ತೆರೆಸಿ ನೋಡಿ, ರೌಟರು, ಡಿವಿಆರ್ ಎರಡನ್ನೂ ಒಮ್ಮೆ ಆಫ್ ಮಾಡಿ ಹಾಕಿಸಿ, ಅದೇ ಸಂಖ್ಯೆಯಲ್ಲಿ ಚಿತ್ರ ಮತ್ತೆ ಬಂತೇ ಎಂದು ಅವರ ಎದುರಿಗೇ ಖಾತ್ರಿ ಮಾಡಿಕೊಳ್ಳಬೇಕು.